ಕಡಲಾಮೆಗೆ ಕಾವಲು ಬಂದ ಬಗೆ

ಬೇಸಿಗೆ ಹತ್ತಿರವಾದಂತೆ ಬಿಬವೇವಾಡಿಯ ನಮ್ಮ ಮಕ್ಕಳು ವೇಳಾಸಕ್ಕೆ ಹೋಗೋಣವೆಂದು ಹಟ ಹಿಡಿಯುತ್ತಾರೆ. ರತ್ನಾಗಿರಿ ಜಿಲ್ಲೆಯ ಆ ಚಿಕ್ಕ ಊರು ನಾನಾ ಫಡ್ನವೀಸರ ಮನೆತನದ್ದು. ಈಗ ಆಮೆಮರಿಗಳು ಕಡಲು ಸೇರುವುದನ್ನು ನೋಡಲು ಪುಣೆಯ ಜನ ಅಲ್ಲಿಗೆ ಮುಗಿಬೀಳುತ್ತಾರೆ. ಉತ್ತರ ಕನ್ನಡದಿಂದ ಬಂದ ನಮಗೆ ಅಲ್ಲಿ ಸಂತೋಷದ ಜೊತೆಗೆ ತುಸು ನಾಚಿಕೆಯೂ ಆಯಿತು. ನಮ್ಮ ದಂಡೆಗೂ ಇದೇ ಆಲಿವ್ ರಿಡ್ಲೆ ಆಮೆ ಬರುತ್ತಿತ್ತು. ಕೂರ್ಮಾವತಾರಕ್ಕೆ ಕೈಮುಗಿದವರೇ ಅದರ ಮೊಟ್ಟೆಯನ್ನೂ ಅಗೆದು ತರುತ್ತಿದ್ದರು, ನಾವೂ ತಿಂದಿದ್ದೇವೆ.

ದೇಶದಲ್ಲಿ ಕಾವಲಿನ ಕೆಲಸ ಮೊದಲಾದದ್ದು ಮದರಾಸಿನಲ್ಲಿ. 1970ರ ದಶಕದ ಆರಂಭದಲ್ಲಿ ರೋಮುಲಸ್ ವಿಟೇಕರ್ ಮತ್ತು ಗೆಳೆಯರು ರಾತ್ರಿ ದಂಡೆಯುದ್ದಕ್ಕೂ ನಡೆದು ಗೂಡು ಹುಡುಕಿದರು. 1977ರಲ್ಲಿ ಕಡಲಾಮೆಗೆ ಕಾನೂನಿನ ಪೂರ್ಣ ರಕ್ಷಣೆ ದೊರೆಯಿತು. ಸತೀಶ ಭಾಸ್ಕರರಂತೂ 1982ರ ಮಳೆಗಾಲವನ್ನು ಲಕ್ಷದ್ವೀಪದ ಜನರಿಲ್ಲದ ಸುಹೇಲಿ ದ್ವೀಪದಲ್ಲಿ ಆಮೆ ಎಣಿಸುತ್ತ ಒಬ್ಬರೇ ಕಳೆದರು. ಹೆಂಡತಿಗೆ ಬರೆದ ಕಾಗದವನ್ನು ಬಾಟಲಿಯಲ್ಲಿಟ್ಟು ಕಡಲಿಗೆ ಎಸೆದರೆ, ಅದು ಶ್ರೀಲಂಕೆಯ ಮೀನುಗಾರನ ಕೈಸೇರಿ, ಅಲ್ಲಿಂದ ಅಂಚೆಯಲ್ಲಿ ಮನೆ ಮುಟ್ಟಿತು! ನಮ್ಮ ಕಚೇರಿಯ ಕಾಗದಗಳಿಗೂ ಆ ಅದೃಷ್ಟವಿಲ್ಲ.

ವೇಳಾಸದ ಕತೆ 2002ರದು. ಕಡಲ ಹದ್ದುಗಳನ್ನು ಹುಡುಕಿ ಹೋದ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರದವರಿಗೆ ಸಿಕ್ಕಿದ್ದು ಕಳುವಾದ ಗೂಡುಗಳ ಚಿಪ್ಪು. ಅವರು ಊರವರನ್ನೇ ಕಾವಲಿಗೆ ಹಚ್ಚಿದರು. ಗೂಡೊಂದರಲ್ಲಿ ನೂರರ ಆಸುಪಾಸು ಮೊಟ್ಟೆ. ಅವನ್ನು ಕೆಲವೇ ಗಂಟೆಗಳಲ್ಲಿ, ಮಗುಚದಂತೆ ಎತ್ತಿ, ಬೇಲಿಯೊಳಗೆ ಅಷ್ಟೇ ಆಳದ ಗುಂಡಿಯಲ್ಲಿ ಹೂಳಬೇಕು. ಮರಿ ಹೊರಬರಲು 45ರಿಂದ 60 ದಿನ. ಮರಳು ಹೆಚ್ಚು ಕಾದರೆ ಹೆಣ್ಣು, ತಂಪಾಗಿದ್ದರೆ ಗಂಡು! ನಾವು ಬಿಎಸ್‌ಸಿ ಓದುವಾಗ ಲಿಂಗವನ್ನು ನಿರ್ಧರಿಸುವುದು ವರ್ಣತಂತುವೆಂದಷ್ಟೇ ಕಲಿತಿದ್ದೆವು.

2023ರ ಫೆಬ್ರವರಿಯಲ್ಲಿ ಗುಹಾಗರದಲ್ಲಿ ಬೆನ್ನಿಗೆ ಉಪಗ್ರಹ ಯಂತ್ರ ಕಟ್ಟಿಸಿಕೊಂಡ 'ಬಾಗೇಶ್ರೀ' ಕರ್ನಾಟಕ, ಕೇರಳಗಳ ಕಡಲು ದಾಟಿ ಶ್ರೀಲಂಕೆಯತ್ತ ಈಜಿತು. ಎಂದರೆ ವೇಳಾಸದ ಮಗ್ಗುಲಿನ ದಂಡೆಯಲ್ಲಿ ಕಾಯ್ದ ಆಮೆಯನ್ನು ನಮ್ಮೂರ ಬಲೆಯೂ ಕಾಯಬೇಕು.

ನಮ್ಮ ಕಡೆಯೂ ಸುಮ್ಮನಿಲ್ಲ. ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಕಟ್ಟುತ್ತಿದೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರಿನ ಕೆಲಸ ಬಂದಾಗ, ಮೀನುಗಾರರು ತಮ್ಮ ಮನೆಗಳ ಜೊತೆಗೆ ಆಮೆಯ ಗೂಡುಗಳನ್ನೂ ಮುಂದಿಟ್ಟು ವಾದಿಸಿದರು. ಅದನ್ನು ಓದಿ ಊರಿಗೆ ಫೋನ್ ಮಾಡಿದೆವು. ಈ ಸಲ ರಜೆಗೆ ಬಂದಾಗ ಮಕ್ಕಳನ್ನು ರಾತ್ರಿ ದಂಡೆಗೆ ಕರೆದೊಯ್ಯುವುದಾಗಿ ಅಣ್ಣ ಹೇಳಿದ್ದಾನೆ. ಟಾರ್ಚು ಮಾತ್ರ ಬೇಡವಂತೆ.