ಕಡಲಿನ ಮಟ್ಟ ಬರೆದಿಟ್ಟ ಪೆನ್ಸಿಲು

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಜೊತೆಗೆ ಸಣ್ಣದಾಗಿ ಇನ್ನೊಂದು ಸಂಖ್ಯೆಯೂ ಇರುತ್ತದೆ. ಅದು ಸಮುದ್ರಮಟ್ಟದಿಂದ ಆ ಊರು ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ. ಗಾಡಿಗಾಗಿ ಕಾಯುವವರು ಅದನ್ನು ಓದುತ್ತಾರೆ, ಮರೆಯುತ್ತಾರೆ. ಆದರೆ ಯಾವ ಸಮುದ್ರ? ಯಾವ ಹೊತ್ತಿನ ಮಟ್ಟ? ನಮ್ಮ ಕಡಲು ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇನ್ನಷ್ಟು ಉಬ್ಬುತ್ತದೆ.

ಭಾರತದಲ್ಲಿ ಇದಕ್ಕೆ ಉತ್ತರ ಕೊಟ್ಟದ್ದು ಒಂಬತ್ತು ಬಂದರುಗಳು: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ ಮತ್ತು ಒಡಿಶಾದ ಫಾಲ್ಸ್ ಪಾಯಿಂಟ್. ಅಲ್ಲಿ ಅಳೆದ ಸರಾಸರಿ ಮಟ್ಟವನ್ನೇ ಸೊನ್ನೆ ಎಂದು ಹಿಡಿದು ಸರ್ವೆ ಇಲಾಖೆ 1909ರಲ್ಲಿ ದೇಶದ ಮೊದಲ ಎತ್ತರಜಾಲವನ್ನು ಪೂರ್ಣಗೊಳಿಸಿತು. ನಾಡಿನ ಬೆಟ್ಟಗಳ ಎತ್ತರದ ಲೆಕ್ಕದಲ್ಲಿ ಕಾರವಾರದ ಕಡಲಿಗೂ ಹೀಗೊಂದು ಪಾಲಿದೆ.

ಈ ಅಳತೆಗಳ ಕತೆ ಶುರುವಾಗುವುದು ಕಚ್ಛ್ ಕೊಲ್ಲಿಯಲ್ಲಿ. 1819ರ ಭೂಕಂಪದಲ್ಲಿ ಕಚ್ಛದ ರಣದಲ್ಲಿ ನೆಲ ಒಂದೆಡೆ ದಿಬ್ಬವಾಗಿ ಎದ್ದು ‘ಅಲ್ಲಾ ಬಂಡ್’ ಎನಿಸಿತು. ಇನ್ನೊಂದೆಡೆ ನೆಲ ಕುಸಿದು ಸಿಂದ್ರಿ ಕೋಟೆ ನೀರಿನಲ್ಲಿ ಮುಳುಗಿತು. ಅಲ್ಲಿ ನೆಲ ಇನ್ನೂ ಏಳುತ್ತಿದೆಯೇ, ಇಳಿಯುತ್ತಿದೆಯೇ ಎಂದು ತಿಳಿಯಬೇಕಿತ್ತು. ಅದಕ್ಕಾಗಿ ಸರ್ವೆ ಇಲಾಖೆಯ ಎ. ಡಬ್ಲ್ಯು. ಬೇರ್ಡ್ 1874–75ರಲ್ಲಿ ಆ ಕೊಲ್ಲಿಯ ದಡದಲ್ಲಿ ಉಬ್ಬರಮಾಪಕಗಳನ್ನು ನಿಲ್ಲಿಸಿದ. ಮುಂದಿನ ಕೆಲವೇ ವರ್ಷಗಳಲ್ಲಿ ಅಂಥ ಮಾಪಕಗಳು ಬಂದರು ಬಂದರಿಗೂ ಬಂದವು. ಮುಂಬಯಿಯ ಅಪೊಲೊ ಬಂದರಿನಲ್ಲಿ 1878ರಲ್ಲಿ ಆರಂಭವಾದ ದಾಖಲೆ ಇಂದು ಏಷ್ಯಾದ ಅತಿ ಹಳೆಯ ದಾಖಲೆಗಳ ಸಾಲಿನಲ್ಲಿ ನಿಲ್ಲುತ್ತದೆ.

ಯಂತ್ರವೇನೋ ಸರಳ. ದಡದಲ್ಲಿ ಬಾವಿಯಂಥ ಕೊಳವೆಯೊಂದಿರುತ್ತದೆ. ಅದರ ತಳದ ಕಿರಿದಾದ ಕಿಂಡಿಯಿಂದ ಕಡಲ ನೀರು ಒಳಬರುತ್ತದೆ. ಕಿಂಡಿ ಕಿರಿದಾದ್ದರಿಂದ ಅಲೆಗಳ ಕುಣಿತ ಒಳಗೆ ಕಾಣುವುದಿಲ್ಲ, ಉಬ್ಬರವಿಳಿತದ ನಿಧಾನದ ಚಲನೆ ಮಾತ್ರ ಕಾಣುತ್ತದೆ. ನೀರ ಮೇಲೊಂದು ತೇಲುಬುರುಡೆ, ಅದಕ್ಕೆ ಕಟ್ಟಿದ ತಂತಿ, ತಂತಿಯ ತುದಿಗೆ ಪೆನ್ಸಿಲು. ಗಡಿಯಾರ ತಿರುಗಿಸುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಆ ಪೆನ್ಸಿಲು ಹಗಲಿರುಳೂ ಗೆರೆ ಎಳೆಯುತ್ತದೆ. ಇಂಥ ಯಂತ್ರಗಳು ಅನಿರೀಕ್ಷಿತವಾದುದನ್ನೂ ಬರೆದಿಟ್ಟವು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಆದ ಭೂಕಂಪದ ಸುನಾಮಿ ಬಂಗಾಳ ಕೊಲ್ಲಿಯ ಮಾಪಕಗಳಲ್ಲಿ ದಾಖಲಾಯಿತು. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದಾಗಿನ ಅಲೆಗಳೂ ಭಾರತದ ಬಂದರುಗಳ ಕಾಗದದ ಮೇಲೆ ಮೂಡಿದವು.

ಗಂಟೆಗಂಟೆಯ ಅಳತೆಗಳನ್ನು ಕೂಡಿ ಸರಾಸರಿ ತೆಗೆದರೆ ತಿಂಗಳ ಮಟ್ಟ, ತಿಂಗಳುಗಳಿಂದ ವರ್ಷದ ಮಟ್ಟ ಸಿಗುತ್ತದೆ. ಆದರೆ ಹತ್ತಾರು ವರ್ಷಗಳ ಲೆಕ್ಕವೂ ಸಾಲದು. ಚಂದ್ರನ ಪಥದ ಓಲಾಟವೊಂದು ಮುಗಿಯಲು 18.6 ವರ್ಷ ಬೇಕು. ಅದರ ಮೇಲೆ ಮುಂಗಾರಿನ ಪ್ರಭಾವವೂ ಇದೆ. ನದಿಗಳು ಸುರಿಯುವ ಸಿಹಿನೀರು ಕಡಲಿನ ಸಾಂದ್ರತೆಯನ್ನೇ ಬದಲಿಸುತ್ತದೆ. ಹೆಚ್ಚು ಮಳೆಯ ದಶಕ, ಕಡಿಮೆ ಮಳೆಯ ದಶಕಗಳಿಗೂ ಮುಂಬಯಿಯ ಮಟ್ಟದ ಏರಿಳಿತಕ್ಕೂ ನಂಟಿರಬಹುದೆಂದು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1999ರಲ್ಲಿ ತೋರಿಸಿದರು. ಹತ್ತಿಪ್ಪತ್ತು ವರ್ಷದ ಗೆರೆ ನೋಡಿ ಕಡಲು ಏರಿತೆಂದೋ ಇಳಿಯಿತೆಂದೋ ತೀರ್ಪು ಕೊಟ್ಟರೆ ಮೋಸ ಹೋಗುವುದು ಖಂಡಿತ. ಸೊನ್ನೆಯನ್ನು ಗೊತ್ತುಮಾಡಲು ನೆರವಾದ ಕಾರವಾರದ ಹಳೆಯ ದಾಖಲೆ ಕೆಲವೇ ವರ್ಷಗಳದು. ಅದರಿಂದ ಏರಿಕೆಯ ವೇಗ ತಿಳಿಯದು.

ಇನ್ನೊಂದು ತೊಡಕು ಬೇರ್ಡ್‌ನ ಕಾಲದ್ದೇ. ಮಾಪಕ ನಿಂತಿರುವುದು ನೆಲದ ಮೇಲೆ. ಅದು ಹೇಳುವುದು ನೆಲಕ್ಕೆ ಹೋಲಿಸಿದ ನೀರಿನ ಮಟ್ಟವನ್ನು ಮಾತ್ರ. 1774ರಿಂದ ದಾಖಲೆಯಿರುವ ಸ್ಟಾಕ್‌ಹೋಮ್‌ನಲ್ಲಿ ಕಡಲು ಇಳಿಯುತ್ತಲೇ ಬಂದಂತೆ ಕಾಣುತ್ತದೆ. ನಿಜಕ್ಕೂ ಅಲ್ಲಿ ಏಳುತ್ತಿರುವುದು ನೆಲ. ಹಿಮಯುಗದ ಮಂಜಿನ ಭಾರ ಕಳಚಿದ ಮೇಲೆ ಅದು ಇನ್ನೂ ಮೇಲೇಳುತ್ತಲೇ ಇದೆ. ಕೋಲ್ಕತ್ತದ ಕೆಳಗಿನ ಡೈಮಂಡ್ ಹಾರ್ಬರಿನದು ಇದಕ್ಕೆ ತದ್ವಿರುದ್ಧ. ಮುಖಜಭೂಮಿ ಕುಸಿಯುವುದರಿಂದ ಅಲ್ಲಿ ಕಡಲು ಬೇರೆಡೆಗಿಂತ ಬಹಳ ವೇಗವಾಗಿ ಏರುತ್ತದೆ. ಆದ್ದರಿಂದಲೇ ಮಾಪಕದ ಸುತ್ತ ಗಟ್ಟಿ ಬಂಡೆ, ಕಟ್ಟಡಗಳಲ್ಲಿ ಗುರುತು ಕೊರೆದು ಆಗಾಗ ತಾಳೆ ನೋಡುತ್ತಾರೆ. ಆ ಗುರುತು ಕಳೆದುಹೋದರೆ ನೂರು ವರ್ಷದ ದಾಖಲೆಯೂ ತುಂಡಾಗುತ್ತದೆ.

ಗೋವಾ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ ಹಿಂದೂ ಮಹಾಸಾಗರದ ಉತ್ತರ ತೀರದ ದೀರ್ಘ ದಾಖಲೆಗಳನ್ನು ಸೋಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಪ್ಪತ್ತನೆಯ ಶತಮಾನದಲ್ಲಿ ಏರಿಕೆ ವರ್ಷಕ್ಕೆ ಸರಾಸರಿ 1.29 ಮಿಲಿಮೀಟರ್. ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. 1992ರಲ್ಲಿ ಟೋಪೆಕ್ಸ್–ಪೊಸೈಡನ್ ಉಪಗ್ರಹ ಹಾರಿದ ಮೇಲೆ ಆಕಾಶದಿಂದಲೂ ಅಳತೆ ನಡೆದಿದೆ. ವಿಶ್ವದ ಸರಾಸರಿ ಏರಿಕೆ 1901ರಿಂದ 1971ರವರೆಗೆ ವರ್ಷಕ್ಕೆ 1.3 ಮಿಲಿಮೀಟರ್ ಇದ್ದದ್ದು 2006–2018ರಲ್ಲಿ 3.7ಕ್ಕೆ ಏರಿದೆ. ಬಿಸಿಯಾದ ನೀರು ಹಿಗ್ಗುವುದೂ ಹಿಮರಾಶಿಗಳು ಕರಗುವುದೂ ಇದಕ್ಕೆ ಕಾರಣ.

ಉಳ್ಳಾಲದಲ್ಲಿ ಮನೆಯಂಗಳ ಕೊಚ್ಚಿಹೋದಾಗ ಕಡಲು ಏರಿತು ಎನ್ನುವುದು ಸುಲಭ. ಆದರೆ ಕಡಲ್ಕೊರೆತಕ್ಕೆ ಅಲೆಯ ಹೊಡೆತ, ಮರಳಿನ ಚಲನೆ, ತಡೆಗೋಡೆಗಳಂಥ ಬೇರೆ ಕಾರಣಗಳೂ ಇವೆ. ಅದರಲ್ಲಿ ಏರುವ ಕಡಲಿನ ಪಾಲೆಷ್ಟು ಎಂಬುದನ್ನು ಬಿಡಿಸಿ ಹೇಳಬಲ್ಲದ್ದು ಎಡೆಬಿಡದೆ ಸಾಗುವ ಅಳತೆ ಮಾತ್ರ. ಪೆನ್ಸಿಲಿನ ಜಾಗಕ್ಕೆ ಈಗ ರೇಡಾರ್ ಬಂದಿದೆ. ಕಚ್ಛದ ದಡದಲ್ಲಿ ಬೇರ್ಡ್ ಕೇಳಿದ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ.