ಬೆಣ್ಣೆ, ಬಾದಾಮಿ ಮತ್ತು ಬಿಟ್ಟುಬಂದ ಊರು: ಗ್ರೀಸಿನ ಕ್ರಿಸ್ಮಸ್ ಬಿಸ್ಕತ್ತಿನ ಕಥೆ

(1/6)
ಈ ಬಿಸ್ಕತ್ತು ಕಚ್ಚುವಾಗ ಉಸಿರು ಬಿಗಿ ಹಿಡೀಬೇಕು. ಇಲ್ಲಾಂದ್ರೆ ಮೇಲಿರೋ ಸಕ್ಕರೆ ಪುಡಿ ಸೀದಾ ಮೂಗಿಗೆ, ಮಿಕ್ಕಿದ್ದು ಅಂಗಿ ಮೇಲೆ.

ಹೆಸರು ಕುರಬಿಯೆದೆಸ್. ಬೆಣ್ಣೆ, ಮೈದಾ, ಹುರಿದ ಬಾದಾಮಿ. ಬೆಂದ ಮೇಲೆ ಪನ್ನೀರು ಚಿಮುಕಿಸಿ, ಪುಡಿಸಕ್ಕರೆಯಲ್ಲಿ ಹೊರಳಿಸಿ ತೆಗೀತಾರೆ. ಡಿಸೆಂಬರ್ ಬಂತು ಅಂದ್ರೆ ಗ್ರೀಸ್ ದೇಶದ ಬೇಕರಿಗಳಲ್ಲಿ ಗಾಜಿನ ಹಿಂದೆ ಇದನ್ನು ಪೇರಿಸಿಟ್ಟಿರ್ತಾರೆ. ದೂರದಿಂದ ನೋಡಿದರೆ ಹಿಮ ಬಿದ್ದ ಪುಟ್ಟ ಗುಡ್ಡ.

ಗ್ರೀಸಿನ ಕ್ರಿಸ್ಮಸ್ ಅಂದ್ರೆ ಇದು, ಅಪ್ಪಟ ಅಲ್ಲಿನದೇ ಅಂತ ನಾವು ಅಂದ್ಕೋತೀವಿ. ಆದರೆ ಈ ಬಿಸ್ಕತ್ತಿಗೆ ಆ ದೇಶದಲ್ಲಿ ತುಂಬಾ ಹೆಸರಾಗಿರೋ ಊರು ನೆಯಾ ಕರ್ವಾಲಿ. ಉತ್ತರ ಗ್ರೀಸಿನ ಕವಾಲಾ ಪಟ್ಟಣದಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿದೆ. ‘ನೆಯಾ’ ಅಂದ್ರೆ ಹೊಸ. ಹೊಸ ಕರ್ವಾಲಿ.

ಹಾಗಾದರೆ ಹಳೇ ಕರ್ವಾಲಿ ಎಲ್ಲಿ? ಗ್ರೀಸಿನಲ್ಲಿ ಎಷ್ಟು ಹುಡುಕಿದರೂ ಸಿಗಲ್ಲ. ಅದಿರೋದು ಟರ್ಕಿಯ ಒಳನಾಡಿನಲ್ಲಿ, ಸಮುದ್ರದಿಂದ ಬಲು ದೂರ. ಆ ಊರಿನ ಜನ ಇಲ್ಲಿಗೆ ಬಂದದ್ದು ತಮ್ಮ ಇಷ್ಟದಿಂದಲ್ಲ. ಒಂದು ಕಾಗದದ ಮೇಲೆ ಬಿದ್ದ ಸಹಿಗಳಿಂದ. ಈ ಸಲದ ಸರಣಿ ಅದರ ಬಗ್ಗೆ.

(2/6)
ಮೊದಲು ಬೆಣ್ಣೆ ಮಾತು.

ಗ್ರೀಕ್ ಆರ್ಥಡಾಕ್ಸ್ ಕ್ರೈಸ್ತರಲ್ಲಿ ಕ್ರಿಸ್ಮಸ್‌ಗೆ ಮುಂಚೆ 40 ದಿನದ ಉಪವಾಸ ಇದೆ. ನವೆಂಬರ್ 15ರಿಂದ ಡಿಸೆಂಬರ್ 24ರವರೆಗೆ. ಊಟವೇ ಬಿಡಬೇಕು ಅಂತಲ್ಲ; ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವಂತಿಲ್ಲ. ಈಗ ಎಲ್ಲರೂ ಪಾಲಿಸ್ತಾರೆ ಅಂತೇನಿಲ್ಲ, ಆದರೆ ಹಬ್ಬದ ಅಡುಗೆಯ ಲೆಕ್ಕ ಹುಟ್ಟಿದ್ದು ಇಲ್ಲಿಂದಲೇ.

ಆದ್ದರಿಂದ ಗ್ರೀಸಿನ ಕ್ರಿಸ್ಮಸ್ ತಟ್ಟೆಯಲ್ಲಿ ಎರಡು ತಿಂಡಿ ಜೋಡಿಯಾಗಿ ಕೂತಿರುತ್ತವೆ. ಒಂದು ಮೆಲೊಮಕಾರೊನ. ಆಲಿವ್ ಎಣ್ಣೆಯಲ್ಲಿ ಕಲೆಸಿ, ಬೇಯಿಸಿ, ಜೇನಿನ ಪಾಕದಲ್ಲಿ ಅದ್ದಿ, ಮೇಲೆ ಅಕ್ರೋಟ್ ಪುಡಿ ಉದುರಿಸಿದ್ದು. ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ, ಉಪವಾಸಕ್ಕೂ ನಡೆಯುತ್ತೆ. ಇನ್ನೊಂದು ನಮ್ಮ ಕುರಬಿಯೆದೆಸ್, ಅಡಿಯಿಂದ ಮುಡಿವರೆಗೆ ಬೆಣ್ಣೆ. ಹಬ್ಬದ ಬೆಳಗ್ಗೆವರೆಗೆ ಅದರ ಕಡೆ ಕೈ ಹಾಕೋ ಹಾಗಿಲ್ಲ.

ಈಗ ಯೋಚನೆ ಮಾಡಿ. ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ಮನೆಯಲ್ಲಿ ಇದನ್ನು ಸುಡ್ತಾರೆ. ಮನೆ ತುಂಬಾ ಕರಗಿದ ಬೆಣ್ಣೆ, ಹುರಿದ ಬಾದಾಮಿ ಘಮ. ಮಕ್ಕಳು ಒಲೆ ಸುತ್ತ ಸುಳೀತಾವೆ. ತಿನ್ನೋಕೆ ಮಾತ್ರ ಇಲ್ಲ! 40 ದಿನ ಕಾದ ಬಾಯಿಗೆ ಮೊದಲ ಬೆಣ್ಣೆಯ ರುಚಿ ಇದು. ಈ ಬಿಸ್ಕತ್ತಿನ ಮೇಲಿನ ಪ್ರೀತಿಗೆ ಅರ್ಧ ಕಾರಣ ಆ ಕಾಯುವಿಕೆಯೇ.

(3/6)
ಇನ್ನು ಹೆಸರು.

ಗ್ರೀಕರು ಕುರಬಿಯೆದೆಸ್ ಅಂತಾರೆ. ಟರ್ಕಿಯಲ್ಲಿ ಕುರಾಬಿಯೆ. ಬಲ್ಗೇರಿಯಾ, ಅಲ್ಬೇನಿಯಾ ಕಡೆ ಹೋದರೂ ಹೆಚ್ಚುಕಮ್ಮಿ ಅದೇ ಹೆಸರು. ಇರಾನಿನ ತಬ್ರೀಜ್ ಪಟ್ಟಣದಲ್ಲಿ ಖುರಾಬಿಯೆ ಅನ್ನೋ ಬಾದಾಮಿ ಬಿಸ್ಕತ್ತು ಪ್ರಸಿದ್ಧ. ಲೆಬನಾನ್, ಸಿರಿಯಾ ಕಡೆ ತುಪ್ಪದಲ್ಲಿ ಮಾಡೋ ಬಿಳಿಯ ಘ್ರೈಬೆ ಇದೆ. ಇದರಲ್ಲಿ ಮುಸ್ಲಿಮರು ಈದ್‌ಗೆ ಮಾಡೋದೂ ಇದೆ, ಕ್ರೈಸ್ತರು ಕ್ರಿಸ್ಮಸ್‌ಗೆ ಮಾಡೋದೂ ಇದೆ. ನೂರಾರು ವರ್ಷ ಒಂದೇ ಆಟೊಮನ್ ಸಾಮ್ರಾಜ್ಯದ ಪೇಟೆಗಳಲ್ಲಿ ಅಕ್ಕಪಕ್ಕದ ಅಂಗಡಿ ಇಟ್ಟುಕೊಂಡಿದ್ದ ಜನ ಇವರು. ತಿಂಡಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾಟೋಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಮಗೂ ಇದು ತೀರಾ ಹೊಸದಲ್ಲ. ನಮ್ಮ ಬೇಕರಿಗಳಲ್ಲಿ ಸಿಗೋ ನಾನ್‌ಖಟಾಯಿ ನೆನಪಿಸಿಕೊಳ್ಳಿ. ಆ ಹೆಸರಿನ ‘ನಾನ್’ ಪರ್ಷಿಯನ್ ಮಾತು, ರೊಟ್ಟಿ ಅಂತ ಅರ್ಥ. ಎರಡರ ಗುಟ್ಟೂ ಒಂದೇ. ಹಿಟ್ಟಿಗೆ ನೀರು ಬಿದ್ದರೆ ಅಂಟು ಹುಟ್ಟಿ ಚಪಾತಿ ಹಿಟ್ಟಿನ ಹಾಗೆ ಎಳೆಯುತ್ತೆ. ಮೊದಲೇ ತುಪ್ಪವೋ ಬೆಣ್ಣೆಯೋ ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ಆ ಅಂಟು ಬೆಳೆಯಲ್ಲ. ಆಗ ಬಿಸ್ಕತ್ತು ಬಾಯಿಗಿಟ್ಟ ಕೂಡಲೇ ಮರಳಿನ ಹಾಗೆ ಉದುರುತ್ತೆ. ಏಲಕ್ಕಿ ಹಾಕಿದರೆ ನಮ್ಮ ರುಚಿ, ಪನ್ನೀರು ಬಾದಾಮಿ ಹಾಕಿದರೆ ಅವರ ರುಚಿ.

(4/6)
ಈಗ ಆ ಸಹಿಗಳ ವಿಷಯ.

ಮೊದಲನೇ ಮಹಾಯುದ್ಧ ಮುಗಿದ ಮೇಲೆ ಆಟೊಮನ್ ಸಾಮ್ರಾಜ್ಯ ಕುಸಿದುಬಿತ್ತು. 1919ರ ಮೇ ತಿಂಗಳಲ್ಲಿ ಗ್ರೀಸಿನ ಸೇನೆ ಇವತ್ತಿನ ಟರ್ಕಿಯ ಸ್ಮಿರ್ನಾ ಬಂದರಿಗೆ ಇಳೀತು. ಮೂರು ವರ್ಷ ಯುದ್ಧ ನಡೆದು 1922ರಲ್ಲಿ ಸೋತು ಹಿಂದೆ ಸರೀತು. ಆ ಸೆಪ್ಟೆಂಬರ್‌ನಲ್ಲಿ ಸ್ಮಿರ್ನಾ ಹೊತ್ತಿ ಉರೀತು. ಲಕ್ಷಾಂತರ ಕ್ರೈಸ್ತರು ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿದರು.

1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಟರ್ಕಿಯ ಆರ್ಥಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ಟರ್ಕಿಗೆ ಹೋಗಬೇಕು. ಕಡ್ಡಾಯ. ಇಸ್ತಾಂಬುಲ್‌ನ ಗ್ರೀಕರು, ಪಶ್ಚಿಮ ಥ್ರೇಸ್‌ನ ಮುಸ್ಲಿಮರಂಥ ಕೆಲವರಿಗಷ್ಟೇ ವಿನಾಯಿತಿ. ಮುಂಚೆಯೇ ಓಡಿಬಂದವರನ್ನೂ ಸೇರಿಸಿದರೆ ಸುಮಾರು 12 ಲಕ್ಷ ಜನ ಗ್ರೀಸಿಗೆ ಬಂದರು. ಸುಮಾರು 4 ಲಕ್ಷ ಜನ ಟರ್ಕಿಗೆ ಹೋದರು.

ಗಮನಿಸಿ, ಯಾರು ಎಲ್ಲಿಗೆ ಅಂತ ತೀರ್ಮಾನ ಮಾಡಿದ್ದು ಧರ್ಮ. ಭಾಷೆ ಲೆಕ್ಕಕ್ಕೇ ಬರಲಿಲ್ಲ. ಟರ್ಕಿಯ ನಡುಭಾಗದ ಕಪಡೋಸಿಯಾದಲ್ಲಿ ಎಷ್ಟೋ ಕ್ರೈಸ್ತರ ಮನೆಮಾತು ಟರ್ಕಿಷ್. ಗ್ರೀಕ್ ಅಕ್ಷರದಲ್ಲಿ ಟರ್ಕಿಷ್ ಮಾತು ಬರೀತಿದ್ದರು. ಅವರು ಗ್ರೀಕರು ಅಂತ ಗ್ರೀಸಿಗೆ ಹೋದರು. ಇತ್ತ ಕ್ರೀಟ್ ದ್ವೀಪದ ಮುಸ್ಲಿಮರ ಮನೆಮಾತು ಗ್ರೀಕ್. ಅವರು ಟರ್ಕರು ಅಂತ ಟರ್ಕಿಗೆ ಹೋದರು. ಇಬ್ಬರಿಗೂ ‘ನಿಮ್ಮ ದೇಶ’ ಅಂತ ಹೇಳಿ ಕಳಿಸಿದ ಜಾಗದಲ್ಲಿ ಅಂಗಡಿಯವನ ಮಾತು ಅರ್ಥ ಆಗ್ತಿರಲಿಲ್ಲ.

ನಮ್ಮಲ್ಲಿ 1947ರ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

(5/6)
ಹಳೇ ಕರ್ವಾಲಿ, ಟರ್ಕಿಷ್‌ನಲ್ಲಿ ಗೆಲ್ವೆರಿ, ಇದೇ ಕಪಡೋಸಿಯಾದ ಊರು. ಯುದ್ಧ ಅಲ್ಲಿಗೆ ಬಂದಿರಲಿಲ್ಲ. ಒಪ್ಪಂದ ಬಂತು. 1924ರಲ್ಲಿ ಅಲ್ಲಿನ ಕ್ರೈಸ್ತರು ಮನೆಗೆ ಬೀಗ ಹಾಕಿ ಹೊರಟರು. ಜೊತೆಯಲ್ಲಿ ತಮ್ಮ ಊರಿನ ಸಂತ ಗ್ರೆಗರಿಯ ಅಸ್ಥಿಗಳನ್ನೂ ಎತ್ತಿಕೊಂಡರು. 4ನೇ ಶತಮಾನದ ಆ ಸಂತನ ಅಸ್ಥಿಗಳು ಇವತ್ತಿಗೂ ನೆಯಾ ಕರ್ವಾಲಿಯ ಚರ್ಚಿನಲ್ಲಿವೆ.

ಗ್ರೀಸ್ ಅವರನ್ನು ಅಪ್ಪಿಕೊಳ್ತಾ? ಆಗಿನ ಗ್ರೀಸಿನ ಜನಸಂಖ್ಯೆ ಸುಮಾರು 50 ಲಕ್ಷ. ನಾಲ್ಕು ಜನ ಇದ್ದ ಕಡೆ ಐದನೆಯವರು ಬಂದು ನಿಂತ ಹಾಗೆ. ಕೆಲಸಕ್ಕೆ ಪೈಪೋಟಿ, ಜಮೀನಿಗೆ ಪೈಪೋಟಿ, ಶಿಬಿರಗಳಲ್ಲಿ ರೋಗ. ಹೊಸಬರಿಗೆ ಅಡ್ಡಹೆಸರು ಬಿತ್ತು: ‘ಟರ್ಕರ ಬೀಜ’. ಇನ್ನೊಂದು ಬೈಗುಳ ಅವರ ಅಡುಗೆಮನೆಗೇ ಕೈ ಹಾಕಿತ್ತು: ‘ಮೊಸರಲ್ಲಿ ದೀಕ್ಷಾಸ್ನಾನ ಆದವರು’. ಎಲ್ಲದಕ್ಕೂ ಮೊಸರು ಹಾಕೋ ಇವರು ಎಂಥಾ ಕ್ರೈಸ್ತರು ಅನ್ನೋ ವ್ಯಂಗ್ಯ.

ಈಗ ತಮಾಷೆ ನೋಡಿ. ಗ್ರೀಕ್ ಮಕ್ಕಳಿಗೆ ಉಡುಗೊರೆ ತರೋ ಸಂತ ಬೇಸಿಲ್ ಜನವರಿ 1ಕ್ಕೆ ಬರ್ತಾನೆ. ಅವನ ಊರು ಸಿಸೇರಿಯಾ, ಇವತ್ತಿನ ಟರ್ಕಿಯ ಕೈಸೇರಿ, ಅದೇ ಕಪಡೋಸಿಯಾ. ಸಂತ ಗ್ರೆಗರಿಯ ಗೆಳೆಯ ಬೇರೆ. ಗ್ರೀಸಿನ ಹಬ್ಬದ ಅಜ್ಜನೇ ಕಪಡೋಸಿಯಾದವನು, ಅದೇ ಊರುಗಳಿಂದ ಬಂದ ಅಜ್ಜಿಯರು ಮಾತ್ರ ಪರಕೀಯರು!

ಕುರಬಿಯೆದೆಸ್ ಗ್ರೀಸಿಗೆ ಅವರಿಂದಲೇ ಬಂತು ಅಂತಲ್ಲ, ಮುಂಚೆಯೂ ಇತ್ತು. ಆದರೆ ಕರ್ವಾಲಿಯವರು ತಮ್ಮ ಕೈರುಚಿಯನ್ನು ಬಿಡಲಿಲ್ಲ. ಮನೆಯಲ್ಲಿ ಮಾಡ್ತಿದ್ದದ್ದು ಮೆಲ್ಲಗೆ ಊರಿನ ಕಸುಬೇ ಆಯಿತು. ಇವತ್ತು ಕವಾಲಾದಿಂದ ಕ್ಸಾಂಥಿ ಕಡೆ ಹೋಗೋರು ದಾರಿಯಲ್ಲಿ ಗಾಡಿ ನಿಲ್ಲಿಸಿ ಡಬ್ಬಿಗಟ್ಟಲೆ ಕೊಂಡುಹೋಗ್ತಾರೆ. ‘ಮೊಸರಿನವರು’ ಸುಟ್ಟ ಬಿಸ್ಕತ್ತಿಲ್ಲದೆ ಎಷ್ಟೋ ಗ್ರೀಕ್ ಮನೆಗಳಲ್ಲಿ ಕ್ರಿಸ್ಮಸ್ ಆಗಲ್ಲ.

(6/6)
ಹಳೇ ಊರು ಏನಾಯಿತು? ಗ್ರೀಸಿನಿಂದ ಕಳಿಸಿದ ಮುಸ್ಲಿಮರು ಅಲ್ಲಿ ಬಂದು ನೆಲೆಸಿದರು. ಅವರೂ ತಮ್ಮ ಊರು ಬಿಟ್ಟುಬಂದವರೇ. ಸಂತ ಗ್ರೆಗರಿಯ ಚರ್ಚು ಮಸೀದಿ ಆಯಿತು. ಊರಿಗೆ ಈಗ ಗುಜೆಲ್‌ಯುರ್ಟ್ ಅಂತ ಹೆಸರು. ‘ಚಂದದ ನಾಡು’ ಅಂತ ಅರ್ಥ. ನೆಯಾ ಕರ್ವಾಲಿಯ ಮೊಮ್ಮಕ್ಕಳು ಅಜ್ಜ ಅಜ್ಜಿಯ ಮನೆ ನೋಡೋಕೆ ಅಲ್ಲಿಗೆ ಹೋಗಿಬರ್ತಾರೆ. ಬೀಗ ಹಾಕಿ ಬಂದವರಲ್ಲಿ ಬಹಳ ಮಂದಿಗೆ ಆ ಭಾಗ್ಯ ಸಿಗಲಿಲ್ಲ.

ಟರ್ಕಿಯ ಬೇಕರಿಗಳಲ್ಲಿ ಇವತ್ತಿಗೂ ‘ಉನ್ ಕುರಾಬಿಯೆಸಿ’ ಸಿಗುತ್ತೆ. ಹಾಗಂದ್ರೆ ಹಿಟ್ಟಿನ ಬಿಸ್ಕತ್ತು. ಅದೇ ಬಿಳುಪು, ಅದೇ ಪುಡಿಸಕ್ಕರೆ. ಅಲ್ಲಿ ಅದು ಚಹಾ ಜೊತೆಯ ತಿಂಡಿ, ಇಲ್ಲಿ ಕ್ರಿಸ್ಮಸ್. ಹದಿನಾರು ಲಕ್ಷ ಜನರನ್ನು ಎರಡು ದಡಕ್ಕೆ ವಿಂಗಡಿಸಿದ ಒಪ್ಪಂದಕ್ಕೆ ಒಂದು ಬಿಸ್ಕತ್ತನ್ನು ವಿಂಗಡಿಸೋಕೆ ಆಗಲಿಲ್ಲ.

ಮನೆಯಲ್ಲಿ ಮಾಡೋರಿಗೆ ಅಳತೆ:
• ಉಪ್ಪಿಲ್ಲದ ಬೆಣ್ಣೆ 250 ಗ್ರಾಂ
• ಪುಡಿಸಕ್ಕರೆ 75 ಗ್ರಾಂ, ಹೊರಳಿಸೋಕೆ ಬೇರೆ
• ಮೈದಾ ಸುಮಾರು 400 ಗ್ರಾಂ
• ಹುರಿದು ದಪ್ಪಗೆ ಜಜ್ಜಿದ ಬಾದಾಮಿ 125 ಗ್ರಾಂ
• ಪನ್ನೀರು

ಬೆಣ್ಣೆ ಸಕ್ಕರೆ ಎರಡನ್ನೂ ಬೆಳ್ಳಗೆ, ಹಗುರಾಗೋವರೆಗೆ ಚೆನ್ನಾಗಿ ಕಡೀರಿ. ಇಲ್ಲಿ ಅವಸರ ಬೇಡ. ಬಾದಾಮಿ ಹಾಕಿ, ಮೈದಾ ಸ್ವಲ್ಪ ಸ್ವಲ್ಪವೇ ಸೇರಿಸಿ. ಕೈಗೆ ಅಂಟದ ಹದ ಬಂದರೆ ಸಾಕು, ನಾದಬೇಡಿ. ಪುಟ್ಟ ಉಂಡೆ ಅಥವಾ ಅರ್ಧಚಂದ್ರ ಮಾಡಿ, ಬೇಕಾದರೆ ನೆತ್ತಿಗೊಂದು ಲವಂಗ ಚುಚ್ಚಿ. 165 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ತಳ ತುಸು ಕೆಂಪಾದರೆ ಆಯಿತು, ಮೇಲೆ ಬಿಳುಪಾಗೇ ಇರಬೇಕು. ಬಿಸಿಯಿರುವಾಗ ಪನ್ನೀರು ಚಿಮುಕಿಸಿ. ಪೂರ್ತಿ ಆರಿದ ಮೇಲೆ ಸಕ್ಕರೆಯಲ್ಲಿ ಹೊರಳಿಸಿ.

ನಿಮ್ಮ ಮನೆಯಲ್ಲೂ ಬಿಟ್ಟುಬಂದ ಊರಿನಿಂದ ಜೊತೆಗೆ ಬಂದ ತಿಂಡಿ ಇದೆಯಾ? ಅಣೆಕಟ್ಟಿಗೆ ಮುಳುಗಿದ ಊರಾಗಿರಲಿ, ಗಡಿಯಾಚೆಯದಾಗಿರಲಿ. ತಿಂಡಿ ಹೆಸರು, ಊರ ಹೆಸರು ಎರಡನ್ನೂ ಕೆಳಗೆ ಬರೀರಿ. ಡಿಸೆಂಬರ್‌ಗೆ ಬೇಕಾಗುತ್ತೆ, ಸೇವ್ ಮಾಡ್ಕೊಳ್ಳಿ.

#ತಿಂಡಿಯಇತಿಹಾಸ #ಕ್ರಿಸ್ಮಸ್ #ಕುರಬಿಯೆದೆಸ್ #ಬೆಣ್ಣೆಬಿಸ್ಕತ್ತು #ಕನ್ನಡದಲ್ಲಿಇತಿಹಾಸ