ಲಿಫ್ಟ್ ಹೊರಟಾಗ ಮೈ ಭಾರವಾಗುವುದೇಕೆ? ಹಗ್ಗದ ಎಳೆತದಲ್ಲಿದೆ ಉತ್ತರ

ಲಿಫ್ಟ್ ಮೇಲಕ್ಕೆ ಹೊರಟ ಒಂದೆರಡು ಸೆಕೆಂಡು ಮೈ ಭಾರವಾದಂತೆ ಅನಿಸುತ್ತದೆ. ಆಮೇಲೆ ಇಪ್ಪತ್ತನೇ ಮಹಡಿ ಹತ್ತಿರವಾಗುವವರೆಗೂ ಏನೂ ಗೊತ್ತಾಗುವುದಿಲ್ಲ. ನಿಲ್ಲುವ ಹೊತ್ತಿಗೆ ಮೈ ಹಗುರಾಗಿ ಹೊಟ್ಟೆಯಲ್ಲಿ ಏನೋ ಜಾರಿದಂತಾಗುತ್ತದೆ. ಮುಂಬೈ, ಪುಣೆಯ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರಿಗೆ ಇದು ದಿನನಿತ್ಯದ ಅನುಭವ.

ಹಗ್ಗದಲ್ಲಿ ನೇತಾಡುವ ಯಾವುದೇ ವಸ್ತುವಿನ ಮೇಲೆ ಮುಖ್ಯವಾಗಿ ಎರಡು ಬಲಗಳು ಕೆಲಸ ಮಾಡುತ್ತವೆ. ಭೂಮಿ ಕೆಳಕ್ಕೆ ಸೆಳೆಯುವ ಬಲವೇ ತೂಕ. ಹಗ್ಗ ಮೇಲಕ್ಕೆ ಎಳೆಯುವ ಬಲ ಎಳೆತ. ಎಳೆತದಿಂದ ತೂಕವನ್ನು ಕಳೆದು, ಉಳಿದದ್ದನ್ನು ವಸ್ತುವಿನ ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಅಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ. ಇದು ನ್ಯೂಟನ್ನನ ಎರಡನೇ ನಿಯಮವೇ.

ಜನರೂ ಸೇರಿ 1,000 ಕೆಜಿ ಇರುವ ಲಿಫ್ಟ್‌ನ ತೂಕ ಸುಮಾರು 9,800 ನ್ಯೂಟನ್. ಹಗ್ಗಗಳ ಒಟ್ಟು ಎಳೆತ 10,800 ನ್ಯೂಟನ್ ಆದರೆ ಉಳಿಯುವುದು 1,000 ನ್ಯೂಟನ್. ವೇಗೋತ್ಕರ್ಷ ಮೇಲ್ಮುಖವಾಗಿ ಸೆಕೆಂಡಿಗೆ ಸೆಕೆಂಡಿಗೆ 1 ಮೀಟರ್. ಎಳೆತ 8,800ಕ್ಕೆ ಇಳಿದರೆ ಅಷ್ಟೇ ವೇಗೋತ್ಕರ್ಷ ಕೆಳಮುಖವಾಗಿರುತ್ತದೆ.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಮೇಲೆ ಹೋಗುತ್ತಿದೆ ಎಂದ ಮಾತ್ರಕ್ಕೆ ಎಳೆತ ತೂಕಕ್ಕಿಂತ ಹೆಚ್ಚಿರಬೇಕಿಲ್ಲ. ಒಂದೇ ವೇಗದಲ್ಲಿ ಏರುವಾಗಲೂ ಇಳಿಯುವಾಗಲೂ ಸುಮ್ಮನೆ ನಿಂತಾಗಲೂ ಎಳೆತ ಅದೇ 9,800. ಕೆಳಗೆ ಬರುವ ಲಿಫ್ಟ್ ನಿಲ್ಲುವಾಗ ಮಾತ್ರ, ಮೇಲೆ ಹೊರಟಾಗಿನಂತೆಯೇ, ಎಳೆತ ತೂಕವನ್ನು ಮೀರುತ್ತದೆ. ಲಿಫ್ಟ್‌ನೊಳಗೆ ತೂಕದ ಯಂತ್ರ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಈ ವೇಗೋತ್ಕರ್ಷದಲ್ಲಿ 60 ಕೆಜಿಯ ವ್ಯಕ್ತಿ ಮೇಲೆ ಹೊರಟಾಗ ಯಂತ್ರ ಸುಮಾರು 66 ತೋರಿಸುತ್ತದೆ, ಮೇಲೆ ನಿಲ್ಲುವಾಗ ಸುಮಾರು 54. ಮೈಯ ನಿಜವಾದ ತೂಕ ಬದಲಾಗಿಲ್ಲ, ಕಾಲಡಿಯ ನೆಲ ಒತ್ತುವ ಬಲ ಬದಲಾಗಿದೆ.

ಹಗ್ಗ ಜಗ್ಗಿದರೆ ತುಂಡಾಗುವುದಕ್ಕೂ ಕಾರಣ ಇದೇ. ಬಾವಿಯಿಂದ 15 ಕೆಜಿಯ ತುಂಬಿದ ಕೊಡ ಸೇದುವಾಗ ಅದರ ತೂಕ 147 ನ್ಯೂಟನ್. ಹಳೆಯ ಹಗ್ಗ 160 ನ್ಯೂಟನ್ ತಡೆಯುತ್ತದೆ ಎಂದುಕೊಂಡರೆ, ನಿಧಾನವಾಗಿ ಎಳೆದವರಿಗೆ ಕೊಡ ಮೇಲೆ ಬರುತ್ತದೆ. ಅವಸರದಲ್ಲಿ ಜಗ್ಗಿದವರ ಕೈಯಲ್ಲಿ ಬರೀ ಹಗ್ಗ ಉಳಿಯುತ್ತದೆ. ಸೆಕೆಂಡಿಗೆ ಸೆಕೆಂಡಿಗೆ 0.9 ಮೀಟರ್ ವೇಗೋತ್ಕರ್ಷವೇ ಅದನ್ನು ಹರಿಯಲು ಸಾಕು. ಕ್ರೇನ್ ನಡೆಸುವವರು ಭಾರವನ್ನು ಮೆಲ್ಲಗೆ ಎತ್ತುವುದು ಇದಕ್ಕೇ.

ಹಗ್ಗ ಪೂರ್ತಿ ಕಡಿದರೆ ಎಳೆತ ಸೊನ್ನೆ. ಉಳಿಯುವುದು ತೂಕ ಮಾತ್ರ, ವೇಗೋತ್ಕರ್ಷ 9.8. ಈ ಭಯಕ್ಕೆ ಉತ್ತರ ಕೊಟ್ಟವರು ಅಮೆರಿಕದ ಎಲಿಶಾ ಓಟಿಸ್. 1854ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತಾವೇ ನಿಂತಿದ್ದ ಅಟ್ಟಣೆಯ ಹಗ್ಗವನ್ನು ಅವರು ಜನರೆದುರು ಕಡಿಸಿದರು. ಅಟ್ಟಣೆ ಸ್ವಲ್ಪವೇ ಕುಸಿದು ನಿಂತಿತು. ಹಗ್ಗದ ಎಳೆತವೇ ಬಾಗಿಸಿ ಹಿಡಿದಿದ್ದ ಸ್ಪ್ರಿಂಗ್, ಎಳೆತ ಹೋದೊಡನೆ ಬಿಚ್ಚಿಕೊಂಡು ಅಕ್ಕಪಕ್ಕದ ಕಂಬಗಳ ಹಲ್ಲುಗಳಿಗೆ ಸಿಕ್ಕಿಕೊಂಡಿತ್ತು.

ಇಂದಿನ ಲಿಫ್ಟ್‌ಗಳಿಗೆ ಒಂದಲ್ಲ, ಹಲವು ಉಕ್ಕಿನ ಹಗ್ಗಗಳಿರುತ್ತವೆ. ವೇಗ ಮಿತಿ ಮೀರಿದರೆ ಕಂಬಿಗಳನ್ನು ಕಚ್ಚಿ ಹಿಡಿಯುವ ಬ್ರೇಕ್ ಬೇರೆ. ಹಗ್ಗದ ಇನ್ನೊಂದು ತುದಿಯಲ್ಲಿ ಪ್ರತಿಭಾರ ನೇತಾಡುತ್ತದೆ. ಸಾಮಾನ್ಯವಾಗಿ ಅದು ಖಾಲಿ ಲಿಫ್ಟ್‌ನ ತೂಕದ ಜತೆಗೆ ಪೂರ್ಣ ಹೊರೆಯ ಅರ್ಧದಷ್ಟು ಇರುತ್ತದೆ. ಹಾಗಾಗಿ ಒಬ್ಬರೇ ಇರುವ ಲಿಫ್ಟ್‌ನಲ್ಲಿ ಯಂತ್ರದ ಬ್ರೇಕ್ ಕೈಕೊಟ್ಟರೆ, ಹಗ್ಗ ಗಟ್ಟಿಯಾಗಿರುವವರೆಗೆ, ಅದು ಬೀಳುವುದು ಕೆಳಕ್ಕಲ್ಲ, ಮೇಲಕ್ಕೆ.